ಬೆನ್ನ ಮೇಲಿನ ಅರಳೆ

ನಮ್ಮ ಸವಿತಾ ಇವತ್ತು ಕೆಲಸಕ್ಕೆ ಹೋಗಿ, ಸಂಜೆ ನಡೆದುಕೊಂಡು ಮನೆಗೆ ಬಂದಳು. ನಗುತ್ತ ಬಂದಳು. ಓಣಿಯ ತಿರುವಿನಲ್ಲಿ ಅವಳು ಕಾಣಿಸುವ ಮೊದಲೇ ನಗು ಕೇಳಿಸಿತು. ಕಟ್ಟೆಯ ಮೇಲೆ ದಿಂಬಿಗೆ ಒರಗಿ ಕುಳಿತಿದ್ದ ನಾನು ಎದ್ದು ನಿಂತೆ. ನಿಂತವಳಿಗೆ ಮುಂದೇನು ಮಾಡಬೇಕೆಂದು ತಿಳಿಯದೆ ಮತ್ತೆ ಕುಳಿತೆ. ಮೊಮ್ಮಗಳ ಮುಂದೆ ಅಳಬಾರದು ನೋಡಿ, ಅದಕ್ಕೆ ಒಳಗೆ ಹೋಗಿ ಸೊಸೆಗೆ ಬೆಲ್ಲ ಎಲ್ಲಿದೆ ಎಂದು ಕೇಳಿದೆ, ಮಾದಲಿ ಮಾಡಬೇಕು ಎಂದೆ. ಹಬ್ಬವಲ್ಲ ಹುಣ್ಣಿಮೆಯಲ್ಲ, ಈಗ್ಯಾಕೆ ಮಾದಲಿ ಎಂದು ಅವಳು ಕೇಳಲಿಲ್ಲ. ಆ ನಗು ಅವಳಿಗೂ ಕೇಳಿಸಿತ್ತು. ಸುಮ್ಮನೆ ಪರಾತ ತೆಗೆದು ಗೋದಿ ಹಿಟ್ಟು ಸುರಿದಳು.

ಹುಡುಗಿಯೊಬ್ಬಳು ಕೆಲಸಕ್ಕೆ ಹೋಗಿ ಮನೆಗೆ ಬಂದದ್ದು ಯಾವ ಸುದ್ದಿ ಎಂದು ನೀವು ಕೇಳಬಹುದು. ಬೈಲಹೊಂಗಲದ ರಸ್ತೆಯಲ್ಲಿ ದಿನಾ ಎಷ್ಟೋ ಹುಡುಗಿಯರು ಹೋಗುತ್ತಾರೆ, ಬರುತ್ತಾರೆ. ಆದರೆ ನಮ್ಮವಳು ಈ ಬೇಸಿಗೆಯಿಡೀ ಹೊಸ್ತಿಲು ದಾಟಿರಲಿಲ್ಲ. ಅವಳು ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು. ಶಿವರಾತ್ರಿ ಆದ ಮೇಲೆ ಒಂದು ದಿನ ಆಗತಾನೇ ಹುಟ್ಟಿದ ಕೂಸೊಂದು ಅವಳ ಕೈಯಲ್ಲೇ ಉಸಿರು ಬಿಟ್ಟಿತು. ಯಾರ ತಪ್ಪೂ ಅಲ್ಲ, ಹೊಟ್ಟೆಯೊಳಗಿದ್ದಾಗಲೇ ಅದಕ್ಕೆ ತ್ರಾಣವಿರಲಿಲ್ಲ ಎಂದು ದೊಡ್ಡ ಡಾಕ್ಟರೇ ನಮ್ಮ ಮನೆತನಕ ಬಂದು ಹೇಳಿದರು. ಹೇಳಿದರೆ ಕಿವಿಗೆ ಹೋಗುತ್ತದೆ, ಕೈಗೆ ಹೋಗುತ್ತದೆಯೇ? ಅವಳು ತನ್ನ ಕೈಗಳನ್ನೇ ನೋಡುತ್ತ ಕೋಣೆಯಲ್ಲಿ ಕುಳಿತುಬಿಟ್ಟಳು. ರಜೆ ಹಾಕಿದಳು, ಆಮೇಲೆ ರಜೆ ಹಾಕುವುದನ್ನೂ ಬಿಟ್ಟಳು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುವಳು. ನಾವು ಅಡುಗೆಮನೆಯಲ್ಲಿ ಉಂಡರೆ ಅವಳ ತಾಟು ಕೋಣೆಯ ಬಾಗಿಲಲ್ಲಿ ಮುಚ್ಚಿಟ್ಟ ಹಾಗೇ ಇರುತ್ತಿತ್ತು. ಹುಡುಗಿ ನಮ್ಮ ಕೈಬಿಟ್ಟು ಹೋಗುತ್ತಾಳೆ ಎಂದು ನಾನು ಹೆದರಿದ್ದೆ. ಹೆದರಿಕೆಯನ್ನು ಯಾರಿಗೂ ಹೇಳಿರಲಿಲ್ಲ.

ಇವತ್ತಿನ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಕೇಳಬೇಕಾದವಳು ಒಬ್ಬಳಿದ್ದಳು. ಅವಳು ಇಲ್ಲ. ಹೋದ ವರ್ಷ ಜೋಳದ ರಾಶಿಯ ಹೊತ್ತಿಗೆ ತೀರಿಕೊಂಡಳು. ಇಷ್ಟು ಸಂತೋಷ ಎದೆಯಲ್ಲಿ ಇಟ್ಟುಕೊಂಡು ಯಾರ ಮನೆಗೆ ಹೋಗಲಿ? ಮಗನಿಗೆ ಹೇಳಿದರೆ ಅವನೂ ಖುಷಿಪಡುತ್ತಾನೆ, ಸೊಸೆಯೂ ಪಡುತ್ತಾಳೆ. ಆದರೆ ಇದು ಎಲ್ಲಿಂದ ಬಂತು ಎಂದು ಅವರಿಗೆ ಗೊತ್ತಿಲ್ಲ. ಗೊತ್ತಿದ್ದವಳು ಅವಳೊಬ್ಬಳೇ. ಅದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ಅವಳನ್ನು ನಾನು ಯಕ್ಕ ಎನ್ನುತ್ತಿದ್ದೆ. ಗಿರಣಿಯಲ್ಲಿ ಎಲ್ಲರೂ ಹಾಗೇ ಎನ್ನುತ್ತಿದ್ದರು. ಹಿರಿಯಳಾದ ಹೆಂಗಸನ್ನು ಹೆಸರು ಹಿಡಿದು ಕರೆಯುವುದು ನಮ್ಮಲ್ಲಿಲ್ಲ. ಹಾಗಾಗಿ ಇಲ್ಲಿಯೂ ಹೆಸರು ಬರೆಯುವುದಿಲ್ಲ.

ಗಿರಣಿ ಎಂದರೆ ಹತ್ತಿಯ ಗಿರಣಿ. ಕಾಳು ಬೇರೆ, ಅರಳೆ ಬೇರೆ ಮಾಡುವ ಕಾರ್ಖಾನೆ. ಆಗ ನಾವು ಇನ್ನೂ ಹಳ್ಳಿಯಲ್ಲಿದ್ದೆವು. ಊರಿನಿಂದ ಬೈಲಹೊಂಗಲಕ್ಕೆ ಐದು ಜನ ಹೆಂಗಸರು ದಿನಾ ಮುಂಜಾನೆ ನಡೆದು ಹೋಗುವುದು, ಸಂಜೆ ನಡೆದು ಬರುವುದು. ಹತ್ತಿಯ ರಾಶಿಯ ಮುಂದೆ ಕುಳಿತು ಎಲೆ, ಕಡ್ಡಿ, ಕೊಳೆತ ಕಾಯಿ ಆರಿಸುವುದು ನಮ್ಮ ಕೆಲಸ. ಸುಗ್ಗಿಯಲ್ಲಿ ಒಳಗೆ ಕಾಲಿಟ್ಟರೆ ಮಂಜು ಬಿದ್ದ ಹಾಗೆ ಅರಳೆ ಹಾರುತ್ತಿರುತ್ತದೆ. ಹುಬ್ಬಿನ ಮೇಲೆ, ಮೂಗಿನೊಳಗೆ, ರೊಟ್ಟಿಯ ಗಂಟಿನ ಮೇಲೆ. ಹೊರಗೆ ಬಂದ ಮೇಲೆ ಮುಖ ಒರೆಸಿಕೊಳ್ಳಬಹುದು, ತಲೆ ಕೊಡವಬಹುದು, ತೋಳು ಝಾಡಿಸಬಹುದು. ಬೆನ್ನು ಮಾತ್ರ ತನಗೆ ತಾನು ಕಾಣುವುದಿಲ್ಲ, ಕೈಗೂ ಎಟುಕುವುದಿಲ್ಲ.

ಹೀಗಾಗಿ ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೆವು. ರಸ್ತೆಯ ಮೇಲೆ ಹತ್ತಿ ಹೇರಿದ ಲಾರಿಗಳು ಬರುತ್ತಿದ್ದುದರಿಂದ ಬದಿ ಹಿಡಿದು ಒಬ್ಬರ ಹಿಂದೆ ಒಬ್ಬರು ನಡೆಯಬೇಕಿತ್ತು. ನಡೆಯುತ್ತ ನಡೆಯುತ್ತ ಹಿಂದಿನವಳು ಮುಂದಿನವಳ ಬೆನ್ನಿನ ಅರಳೆ ತೆಗೆಯುವಳು. ಸೀರೆಗೆ, ಕುಪ್ಪಸಕ್ಕೆ ಅಂಟಿದ್ದನ್ನು ಎರಡು ಬೆರಳಿನಲ್ಲಿ ಹಿಡಿದು ಒಂದೊಂದಾಗಿ ಬಿಡಿಸುವಳು. ಅರ್ಧ ದಾರಿಗೆ ಒಂದು ಬೇವಿನ ಗಿಡವಿತ್ತು. ಅಲ್ಲಿ ಇಡೀ ಸಾಲು ಹಿಂದುಮುಂದಾಗುವುದು. ಕೊನೆಯವಳು ಮುಂದೆ ಬರುವಳು, ಅವಳ ಬೆನ್ನನ್ನೂ ಯಾರಾದರೂ ನೋಡಬೇಕಲ್ಲ. ಕೊನೆಯವಳು ಯಾವಾಗಲೂ ಯಕ್ಕನೇ.

ಎತ್ತರದ ಹೆಂಗಸು. ಉಟ್ಟ ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಕ್ಕಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವಳು. ಡಾಂಬರು ಕಾದು ಅಂಟಿದಾಗ ಮಾತ್ರ ಕಾಲಿಗೆ. ಚಪ್ಪಲಿ ಇರುವುದು ಕೈಗೋ ಕಾಲಿಗೋ ಎಂದು ನೀಲವ್ವ ಚಾಷ್ಟಿ ಮಾಡುವಳು. ನೀಲವ್ವ ನಮ್ಮ ಸಾಲಿನಲ್ಲಿ ಬಾಯಿ ಜೋರಿನವಳು. ಯಕ್ಕ ಹೇಳುತ್ತಿದ್ದಳು, "ಚಪ್ಪಲಿ ಸವದ್ರ ಹೊಸಾವು ತರಬೇಕು. ಕಾಲು ಸವದ್ರ ಯಾರ್ ಕೇಳ್ತಾರ ಬಿಡು."

ಬೆನ್ನಿನಿಂದ ತೆಗೆದ ಅರಳೆಯನ್ನು ನಾವೆಲ್ಲ ರಸ್ತೆಗೆ ಎಸೆಯುತ್ತಿದ್ದೆವು, ಅವಳು ಎಸೆಯುತ್ತಿರಲಿಲ್ಲ. ಉಡಿಯೊಳಗೆ ಹಾಕಿಕೊಳ್ಳುವಳು, ಆಮೇಲೆ ನಾವೂ ತೆಗೆದದ್ದನ್ನು ಅವಳ ಉಡಿಗೇ ಹಾಕತೊಡಗಿದೆವು. ಒಂದು ಸಲ ಗೇಟಿನಲ್ಲಿ ಹಾಜರಿ ಹಿಡಿಯುವ ಮುಕಾದಮ, ಇದು ಮಾಲೀಕರ ಅರಳೆ ಎಂದು ಗದರಿಸಿದ. ಅವಳು ಅವನ ಎದುರಿಗೇ ಬೆನ್ನು ತಿರುಗಿಸಿ ನಿಂತು, ಮಾಲೀಕರದು ಎಷ್ಟಿದೆಯೋ ಆರಿಸಿಕೋ ಎಂದಳು. ಅವನು ಆರಿಸಲಿಲ್ಲ, ಆಮೇಲೆ ಆ ಮಾತೂ ಎತ್ತಲಿಲ್ಲ. ಹಾಗೇ ಸುಗ್ಗಿಯಿಂದ ಸುಗ್ಗಿಗೆ ಕೂಡಿಟ್ಟು, ಹಳೆಯ ಸೀರೆಯ ಅರಿವೆಯಲ್ಲಿ ತುಂಬಿ, ಒಂದು ದಿಂಬು ಹೊಲಿದು ನನಗೆ ಕೊಟ್ಟಳು. ಈಗ ಕಟ್ಟೆಯ ಮೇಲೆ ನಾನು ಒರಗಿ ಕುಳಿತುಕೊಳ್ಳುವುದು ಅದಕ್ಕೇ. ಐದು ಜನರ ಬೆನ್ನಿನ ಮೇಲಿನದು ಅದರಲ್ಲಿ ಇದೆ.

ಅವಳ ನಡಿಗೆಗೆ ಒಂದು ಗುಣವಿತ್ತು. ಹಿಂದೆ ಇದ್ದರೂ ಸಾಲು ಅವಳ ಮಾತಿನಂತೆ ನಡೆಯುತ್ತಿತ್ತು. ಯಾರಿಗೆ ಆಗುವುದಿಲ್ಲವೋ ಅವರ ಹೆಜ್ಜೆಯೇ ಎಲ್ಲರ ಹೆಜ್ಜೆ. ನೀಲವ್ವ ಬಸುರಿಯಾಗಿದ್ದಾಗ ಇಡೀ ಸಾಲು ಬಸುರಿಯ ಹಾಗೆ ನಡೆಯಿತು. ದಿನಾ ತಡವಾಗುತ್ತಿತ್ತು. ಮುಕಾದಮ ಬೈದರೆ ಯಕ್ಕ, "ಐದೂ ಮಂದಿ ಕೂಡೇ ಬರತೇವಿ ತಮ್ಮಾ, ನೀನೂ ಒಮ್ಮೆ ಬೈದು ಮುಗಸ್ಕೊ" ಎನ್ನುವಳು.

ಈಗ ನನ್ನ ಮಾತು ಹೇಳುತ್ತೇನೆ. ನನ್ನ ಗಂಡ ಹೊಲದಲ್ಲಿ ರಂಟೆ ಹೊಡೆಯುತ್ತಿದ್ದವನು ಎದೆ ಹಿಡಿದು ಬಿದ್ದ, ಏಳಲಿಲ್ಲ. ಮಗ ಇನ್ನೂ ಸಣ್ಣವನು. ಮಣ್ಣು ಕೊಟ್ಟು ಬಂದ ಮಂದಿಯೆಲ್ಲ ಹೋದರು. ನಾನು ಒಳಮನೆಯ ಮೂಲೆ ಹಿಡಿದೆ. ಅತ್ತೆ ರೊಟ್ಟಿ ಬಡಿದು ಮುಂದಿಡುತ್ತಿದ್ದಳು, ನಾನು ರೊಟ್ಟಿಯನ್ನು ನೋಡುತ್ತ ಕುಳಿತಿರುತ್ತಿದ್ದೆ. ಬಂದವರೆಲ್ಲ ಸಮಾಧಾನ ಹೇಳಿದರು. ದೇವರು ಹಾಗೆ ಬರೆದಿದ್ದ, ಮಗನ ಮುಖ ನೋಡು, ಗಟ್ಟಿಯಾಗು. ಅವರ ಮಾತು ಮುಗಿಯುವ ತನಕ ತಲೆ ಅಲ್ಲಾಡಿಸಬೇಕಾಗಿತ್ತು ನೋಡಿ, ಅದೇ ನನಗೆ ದೊಡ್ಡ ದಣಿವು.

ಯಕ್ಕ ಸಮಾಧಾನ ಹೇಳಲಿಲ್ಲ. ದಿನಾ ಮುಂಜಾನೆ ರೊಟ್ಟಿಯ ಗಂಟು ಹಿಡಿದು ಬಾಗಿಲ ಹೊರಗೆ ಬಂದು ನಿಲ್ಲುವಳು. ಒಳಗೆ ಬರುವುದಿಲ್ಲ, ಕೂರುವುದಿಲ್ಲ. "ನಡೀ" ಎನ್ನುವಳು, ಅಷ್ಟೇ. ಸ್ವಲ್ಪ ಹೊತ್ತು ನೋಡುವಳು. ನಾನು ಏಳದಿದ್ದರೆ ಹೋಗಿಬಿಡುವಳು. ಮರುದಿನ ಮತ್ತೆ ಬರುವಳು. ಅತ್ತೆಗೆ ಸಿಟ್ಟು ಬಂತು. ಸೂತಕದ ಮನೆಯ ಮುಂದೆ ದಿನಾ ಇದೇನು ಹಾಜರಿ ಎಂದು ಕೇಳಿದಳು. ಯಕ್ಕ ಮರುದಿನವೂ ಬಂದು ನಿಂತಳು.

ಒಂದು ದಿನ ಮಾತ್ರ "ನಡೀ" ಎನ್ನಲಿಲ್ಲ. ಬಾಗಿಲಲ್ಲಿ ನಿಂತು, ಹೊರಗಿನ ಬೆಳಕಿಗೆ ಬೆನ್ನು ತೋರಿಸಿದಳು. ನಿನ್ನೆಯ ಅರಳೆ, ಮೊನ್ನೆಯ ಅರಳೆ ಎಲ್ಲ ಹಾಗೇ ಅಂಟಿಕೊಂಡಿತ್ತು.

"ನೋಡ ತಂಗಿ," ಎಂದಳು, "ನೀ ಬಿಟ್ಟಾಗಿಂದ ನನ್ನ ಬೆನ್ನ ನೋಡವ್ರು ಯಾರೂ ಇಲ್ಲ. ದಿನಾ ಕುರಿ ಹಂಗ ಮನಿ ಹೊಕ್ಕೇನಿ."

ಬೇವಿನ ಗಿಡ ದಾಟಿದ ಮೇಲೆ ಅವಳ ಹಿಂದೆ ನಡೆಯುತ್ತಿದ್ದವಳು ನಾನೇ. ನಾನು ಇಲ್ಲದಿದ್ದರೆ ನೀಲವ್ವ ತೆಗೆಯಬಹುದಿತ್ತು, ನಮ್ಮ ಸಾಲಿನಲ್ಲೇ ಇದ್ದ ದ್ಯಾಮವ್ವ ತೆಗೆಯಬಹುದಿತ್ತು. ಅವಳು ತೆಗೆಯಗೊಟ್ಟಿರಲಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ. ಇಷ್ಟು ದಿನ ಎಲ್ಲರೂ ನನಗೆ ಏನೋ ಕೊಡಲು ಬರುತ್ತಿದ್ದರು, ಇವಳೊಬ್ಬಳು ಕೇಳಲು ಬಂದಿದ್ದಾಳೆ ಎಂದಷ್ಟೇ ಅನ್ನಿಸಿತು. ಎದ್ದು ಹೊಸ್ತಿಲ ತನಕ ಬಂದೆ. ಅವಳ ಬೆನ್ನಿನಿಂದ ಒಂದು ಎಳೆ ತೆಗೆದೆ. ಇನ್ನೊಂದು ತೆಗೆದೆ. ಅವಳು ಮೆಲ್ಲಗೆ ಒಂದು ಹೆಜ್ಜೆ ಮುಂದೆ ಇಟ್ಟಳು. ಮೂರನೆಯದಕ್ಕೆ ನಾನೂ ಒಂದು ಹೆಜ್ಜೆ ಇಡಬೇಕಾಯಿತು. ಹಾಗೇ ಓಣಿ ದಾಟಿದೆವು, ಊರ ಅಗಸಿ ಬಾಗಿಲು ದಾಟಿದೆವು.

ರಸ್ತೆಗೆ ಬಂದ ಮೇಲೆ ನನ್ನನ್ನು ತನ್ನ ಮುಂದೆ ಹಾಕಿಕೊಂಡಳು. ದುಃಖವಿದ್ದವರು ಅವಳ ಮುಂದೆಯೇ ನಡೆಯಬೇಕು. ಒಬ್ಬರ ಹಿಂದೆ ಒಬ್ಬರು ನಡೆದರೆ ಮುಖ ಕಾಣುವುದಿಲ್ಲ. ಅತ್ತರೆ ರಸ್ತೆಗೇ ಗೊತ್ತು. ಮಾತಾಡಿದರೆ ಮುಂದಿನ ಗಾಳಿಗೆ ಮಾತಾಡಿದ ಹಾಗೆ, ಹಿಂದಿನವಳು ಕೇಳಿಸಿಕೊಳ್ಳುತ್ತಾಳೆ, ಕೈ ಬೆನ್ನ ಮೇಲೆ ಆಡುತ್ತಿರುತ್ತದೆ. ಎದುರಿಗೆ ಕುಳಿತು ಕೇಳಿದ್ದರೆ ನಾನು ಬಾಯಿಬಿಡುತ್ತಿರಲಿಲ್ಲ. ಆ ದಾರಿಯಲ್ಲಿ ಒಂದು ಸುಗ್ಗಿಯಿಡೀ ನನ್ನ ಗಂಡನ ಬಗ್ಗೆ ಮಾತಾಡಿದೆ. ಅವನು ಬೈದದ್ದು, ಸಂತೆಯಿಂದ ನನಗೆಂದು ಬಳೆ ತಂದು ಅಳತೆ ತಪ್ಪಿಸಿದ್ದು, ಎಲ್ಲವನ್ನೂ. ಅವಳು ಹೂಂ ಎನ್ನುತ್ತಿದ್ದಳು. ಒಮ್ಮೊಮ್ಮೆ ಹೂಂ ಕೂಡ ಇಲ್ಲ, ಬೆನ್ನಿನ ಮೇಲೆ ಎರಡು ಬೆರಳು ಅಷ್ಟೇ.

ಗಿರಣಿಯ ಮಾತು ಗಿರಣಿಯವರಿಗೇ ತಿಳಿಯುತ್ತದೆ. ಅದನ್ನು ನಾನು ಬಹಳ ತಡವಾಗಿ ಅರ್ಥ ಮಾಡಿಕೊಂಡೆ, ಮುಂದೆ ಹೇಳುತ್ತೇನೆ.

ನಾವು ಒಂದು ತಪ್ಪು ಮಾಡಿದೆವು. ಕಾಲು ನೋಯುತ್ತವೆ, ಬಿಸಿಲು ಜಾಸ್ತಿ ಎಂದು ಐದೂ ಜನ ಹೋಗಿ ಮಾಲೀಕರಿಗೆ ಒಂದು ಗಾಡಿ ಮಾಡಿಸಿಕೊಡಿ ಎಂದು ಬೇಡಿಕೊಂಡೆವು. ಅವರು ಒಳ್ಳೆಯವರು, ಟೆಂಪೋ ಕಳಿಸಿದರು. ನಮಗೆ ಎಷ್ಟು ಸಂಭ್ರಮ. ಮೊದಲ ದಿನ ನೀಲವ್ವ ಟೆಂಪೋಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದಳು. ಎರಡು ಬದಿಗೆ ಹಲಗೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕುಳಿತುಕೊಳ್ಳುವುದು. ಇಂಜಿನ್ನಿನ ಸಪ್ಪಳಕ್ಕೆ ಮಾತು ಕೇಳಿಸುವುದಿಲ್ಲ. ಮುಖ ಎದುರಿಗೇ ಇರುವುದರಿಂದ ಹೇಳುವ ಮನಸ್ಸೂ ಬರುವುದಿಲ್ಲ. ಬೇಗ ಮನೆ ಸೇರುತ್ತಿದ್ದೆವು. ಬೇಗ ಸೇರಿದ ಮನೆಯಲ್ಲಿ ನಾನು ಮತ್ತೆ ಮೂಲೆಯ ಕಡೆ ನೋಡತೊಡಗಿದೆ.

ಒಂದು ಸಂಜೆ ನೀರು ಸೇದಲು ಬಗ್ಗಿದಾಗ ಅತ್ತೆ ಹಿಂದಿನಿಂದ, "ಏನಬೇ, ಬೆನ್ನ ತುಂಬ ಅರಳಿ ಹೊತಗೊಂಡ ಬಂದೀಯಲ್ಲ, ತಗ್ಯಾಕ ಮಂದಿ ಇಲ್ಲೇನು?" ಎಂದಳು. ಅವಳು ಸಹಜವಾಗಿ ಕೇಳಿದ್ದು. ನಾನು ಬಿಂದಿಗೆ ಅಲ್ಲೇ ಬಿಟ್ಟು ಅತ್ತುಬಿಟ್ಟೆ. ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ ಎಂದು ಅತ್ತೆ ಆಮೇಲೆ ಎಲ್ಲರಿಗೂ ಹೇಳುತ್ತಿದ್ದಳು.

ಮರುದಿನ ಇದನ್ನು ಯಕ್ಕನಿಗೆ ನಾನು ಹೇಳಬೇಕಾಗಲಿಲ್ಲ. ಸಂಜೆ ಗಿರಣಿಯಿಂದ ಹೊರಗೆ ಬಂದಾಗ ನಾಲ್ಕು ಜನ ಹತ್ತಿ ಕುಳಿತೆವು, ಯಕ್ಕ ಹತ್ತಲಿಲ್ಲ. ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಡ್ರೈವರನಿಗೆ, "ನೀ ಹೋಗಪಾ. ನಾ ನಡಕೋತ ಬರತೇನಿ" ಎಂದಳು. ಅವನು ಕಕ್ಕಾಬಿಕ್ಕಿಯಾದ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ಇಳಿದವಳು ನೀಲವ್ವ, ಕಾಯಿ ಒಡೆದವಳೇ. ಆಮೇಲೆ ಎಲ್ಲರೂ ಇಳಿದೆವು.

ಡ್ರೈವರನ ಫಜೀತಿ ಕೇಳಬೇಡಿ. ಖಾಲಿ ಗಾಡಿ ಬಿಟ್ಟು ಹೋದರೆ ಮಾಲೀಕರು ಬೈಯುತ್ತಾರೆಂದು ನಮ್ಮ ಹಿಂದೆ ಹಿಂದೆ ಮೆಲ್ಲಗೆ ಗಾಡಿ ಓಡಿಸಿಕೊಂಡು ಬಂದ. ಮುಂದೆ ಐದು ಜನ ಹೆಂಗಸರು, ಹಿಂದೆ ಖಾಲಿ ಟೆಂಪೋ. ಎದುರಿಗೆ ಬಂದ ಚಕ್ಕಡಿಯವರು ಯಾವ ಊರ ಬೀಗರು, ಮದುಮಗಳು ಎಲ್ಲಿ ಎಂದು ಕೇಳಿದರು. ನೀಲವ್ವ ಯಕ್ಕನ ಕಡೆಗೆ ಬೆರಳು ಮಾಡಿದಳು. ಅವತ್ತು ನಾವು ನಕ್ಕದ್ದು ಬೇವಿನ ಗಿಡದ ತನಕ ನಿಲ್ಲಲಿಲ್ಲ. ಕೊನೆಗೆ ಒಂದು ರಾಜಿಯಾಯಿತು. ನಮ್ಮ ರೊಟ್ಟಿಯ ಗಂಟು, ನೀರಿನ ಕ್ಯಾನು ಟೆಂಪೋದಲ್ಲಿ ಹೋಗುತ್ತಿದ್ದವು, ನಾವು ನಡೆದು ಹೋಗುತ್ತಿದ್ದೆವು.

ಯಕ್ಕನ ಸ್ವಂತ ಮಾತು ಬೇವಿನ ಗಿಡ ದಾಟಿದ ಮೇಲೆ ಬರುತ್ತಿತ್ತು, ಅವಳು ಮುಂದೆ, ನಾನು ಅವಳ ಹಿಂದೆ ಬಂದಾಗ. ಅದೂ ಬಹಳ ಕಡಿಮೆ. ಅವಳ ತವರು ರಾಮದುರ್ಗದ ಕಡೆ ಸಾಲಹಳ್ಳಿ. ಗಂಡ ಬೇಗ ಹೋಗಿದ್ದ, ಮಕ್ಕಳು ಉಳಿಯಲಿಲ್ಲ. ಒಂದು ಸಂಜೆ, ಹಿಂದೆ ತಿರುಗದೆಯೇ ಹೇಳಿದಳು, "ತಂಗಿ, ನನ್ನ ಹೆಸರ ಹಿಡದ ಕರಿಯವ್ರು ಈಗ ಯಾರೂ ಉಳದಿಲ್ಲ ನೋಡು. ಒಮ್ಮೊಮ್ಮೆ ನಾನಽ ಕರಕೊಂಡ ನೋಡತೇನಿ, ಮರತಗಿರತೇನಿ ಅಂತ."

ನಾನು ಬೆನ್ನಿನ ಮೇಲೆ ಅರಳೆ ಮುಗಿದಿದ್ದರೂ ಕೈ ತೆಗೆಯದೆ ನಡೆದೆ.

ಗಿರಣಿ ಮುಚ್ಚಿತು. ಮಗ ದೊಡ್ಡವನಾಗಿ ಬೈಲಹೊಂಗಲದಲ್ಲಿ ವೈರಿಂಗ್ ಸಾಮಾನಿನ ಅಂಗಡಿ ಇಟ್ಟ, ನಾವು ಇಲ್ಲಿಗೆ ಬಂದೆವು. ನೀಲವ್ವ ಕಿತ್ತೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ, ಕಣ್ಣು ಕಾಣುವುದಿಲ್ಲ. ದ್ಯಾಮವ್ವ ಮತ್ತು ಸಾಲಿನಲ್ಲಿದ್ದ ಇನ್ನೊಬ್ಬಳು ತೀರಿಹೋದರು. ಯಕ್ಕನ ಮೊಣಕಾಲು ಸೋತಮೇಲೆ ಅಣ್ಣನ ಮಗ ಬಂದು ಸಾಲಹಳ್ಳಿಗೆ ಕರೆದುಕೊಂಡು ಹೋದ. ಅವರು ಚೆನ್ನಾಗಿ ನೋಡಿಕೊಂಡರು, ಸುಳ್ಳು ಹೇಳಬಾರದು. ಹೊತ್ತಿಗೆ ಸರಿಯಾಗಿ ಊಟ, ಔಷಧ, ಟಿವಿಯ ಮುಂದೆ ಒಂದು ಕುರ್ಚಿ.

ನಾನು ಮುರಗೋಡ ಹಾಯ್ದು ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಅವಳನ್ನು ನೋಡಲು ಹೋಗುತ್ತಿದ್ದೆ. ಹೋದ ಕೂಡಲೇ ಅವಳು ಕೇಳುತ್ತಿದ್ದುದು ಒಂದೇ, ನಡೆಯೋಣವೇ? ಅಂಗಳದಲ್ಲಿ ಎಮ್ಮೆಯ ಗೂಟದಿಂದ ತುಳಸಿಯ ತನಕ, ಮತ್ತೆ ಅಲ್ಲಿಂದ ಗೂಟದ ತನಕ. ನಾನು ಹಿಂದೆ, ಅವಳು ಮುಂದೆ, ಗೋಡೆ ಹಿಡಿದುಕೊಂಡು. ಅವಳ ಬೆನ್ನಿನಲ್ಲಿ ಅರಳೆ ಎಲ್ಲಿಂದ ಬರಬೇಕು? ಆದರೂ ನಾನು ಎರಡು ಬೆರಳಿನಿಂದ ತೆಗೆದ ಹಾಗೆ ಮಾಡುತ್ತಿದ್ದೆ. "ಭಾಳ ಐತೇನು?" ಎಂದು ಕೇಳುವಳು. ಭಾಳ ಐತಿ ಎನ್ನುವೆ. ಅವಳಿಗೆ ಸಮಾಧಾನ. ಆ ಮನೆಯವರು ಇಬ್ಬರಿಗೂ ಅರಳುಮರುಳು ಎಂದುಕೊಂಡಿರಬೇಕು.

ಕೊನೆಯ ಸಲ ಹೋದಾಗ ಹಾಸಿಗೆಯಿಂದ ಏಳಲಾಗಲಿಲ್ಲ. ಕಣ್ಣು ಮುಚ್ಚಿದ್ದಳು. ನಾನು ಕಿವಿಯ ಹತ್ತಿರ ಬಗ್ಗಿ, ಹುಟ್ಟಿದಾಗ ಇಟ್ಟ ಅವಳ ಹೆಸರನ್ನು ಒಮ್ಮೆ ಕರೆದೆ. ಅದೇ ಮೊದಲು, ಅದೇ ಕೊನೆ. ಕಣ್ಣು ತೆರೆಯಲಿಲ್ಲ, ಆದರೆ ತುಟಿಯ ಮೇಲೆ ಒಂದು ನಗು ಬಂತು. ಸಾಲಿಯಲ್ಲಿ ಮಾಸ್ತರರು ಹಾಜರಿ ಕರೆದಾಗ ಹುಡುಗಿಯರು ನಗುವ ಹಾಗೆ.

ಅವಳು ಹೋದಮೇಲೆ ನಾನು ಒಬ್ಬಳೇ ಸಂಜೆ ಹಳೆಯ ರಸ್ತೆಗೆ ಹೋಗುತ್ತಿದ್ದೆ. ರಸ್ತೆ ಅಗಲ ಮಾಡಿದಾಗ ಬೇವಿನ ಗಿಡ ಕಡಿದಿದ್ದಾರೆ. ಅದು ಇದ್ದ ಜಾಗ ನನಗೆ ಗೊತ್ತು. ಅಲ್ಲಿ ನಿಂತು ತಿರುಗಿ ಬರುತ್ತಿದ್ದೆ. ಹಿಂದೆ ಯಾರೂ ಇರುತ್ತಿರಲಿಲ್ಲ. ಬೆನ್ನು ತಣ್ಣಗೆ ಅನ್ನಿಸುತ್ತಿತ್ತು, ಬಿಸಿಲಿದ್ದರೂ.

ಅಷ್ಟರಲ್ಲಿ ಮನೆಯಲ್ಲಿ ಸವಿತಾಳದು ಶುರುವಾಯಿತು. ನನಗೆ ದಾರಿ ಗೊತ್ತಿದೆ ಎಂದುಕೊಂಡೆ. ಅವಳ ಕೋಣೆಯ ಬಾಗಿಲಲ್ಲಿ ನಿಂತೆ, "ನಡೀ" ಎಂದೆ. ಹಟ ಹಿಡಿದು ಹಿತ್ತಲ ಅಂಗಳದಲ್ಲಿ ಕೈಹಿಡಿದು ನಡೆಸಿದೆ. ಯಕ್ಕ ಹೇಗೆ ಮಾಡಿದ್ದಳೋ ಹಾಗೆಯೇ ಅವಳನ್ನು ಮುಂದೆ ಹಾಕಿಕೊಂಡು ಹಿಂದೆ ನಡೆದೆ. ಏನೂ ಆಗಲಿಲ್ಲ. ಮುಂದೆ ಒಂದು ಗೊಂಬೆ ನಡೆಯುತ್ತಿತ್ತು, ಹಿಂದೆ ಮುದುಕಿಯೊಬ್ಬಳು. ಸುಮ್ಮನಿರಲಾರದೆ ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ನನ್ನ ಗಂಡ ಸತ್ತ ಕಥೆ ಹೇಳಿದೆ, ಗಿರಣಿಯ ಕಥೆ ಹೇಳಿದೆ. ಅವಳು ಕೇಳಿಸಿಕೊಂಡು, ಸಿಟ್ಟಿಲ್ಲದೆ, ಮೆಲ್ಲಗೆ ಹೇಳಿದಳು, "ಆಯಿ, ನಿನಗ ನಮ್ಮ ವಾರ್ಡು ಗೊತ್ತಿಲ್ಲ."

ನಾನು ಅಂಗಳದಲ್ಲೇ ನಿಂತೆ. ನಿಜ ಅಲ್ಲವೇ? ಆ ಬಿಳಿ ಲೈಟು, ಆ ವಾಸನೆ, ಕೂಸು ಅಳಬೇಕಾದ ಹೊತ್ತಿನಲ್ಲಿ ಅಳದಿದ್ದರೆ ಹೇಗಿರುತ್ತದೆ, ನನಗೆ ಏನು ಗೊತ್ತು? ಯಕ್ಕನ ಬೆನ್ನಿಗೂ ನನ್ನ ಬೆನ್ನಿಗೂ ಒಂದೇ ಅರಳೆ ಅಂಟುತ್ತಿತ್ತು. ಮೊಮ್ಮಗಳ ಬೆನ್ನಿಗೆ ಅಂಟಿದ್ದು ನನ್ನ ಕಣ್ಣಿಗೆ ಕಾಣುವುದೇ ಇಲ್ಲ. ಅದನ್ನು ಕಾಣುವವರು ಬೇರೆ ಇದ್ದಾರೆ.

ಮರುದಿನ ಸೆರಗು ಹೊದ್ದು ಆಸ್ಪತ್ರೆಯ ಗೇಟಿಗೆ ಹೋಗಿ ಕುಳಿತೆ. ಡ್ಯೂಟಿ ಬದಲಾಗುವ ಹೊತ್ತಿಗೆ ಅವಳ ಜೊತೆಯ ಹುಡುಗಿಯರು ಹೊರಬಂದರು, ರೇಷ್ಮಾ ಮತ್ತು ಭಾಗ್ಯಾ. ಮೊದಲು ಮನೆಗೆ ಬರುತ್ತಿದ್ದವರು, ನನ್ನ ಗುರುತಿತ್ತು. ನಿಮ್ಮ ಗೆಳತಿಯ ಬಾಗಿಲಿಗೆ ದಿನಾ ಬಂದು ನಿಲ್ಲಿ ಎಂದೆ. ಸಮಾಧಾನ ಹೇಳಬೇಡಿ, ಒಳಗೆ ಬಂದು ಕೂರಬೇಡಿ, ಕರೆಯಿರಿ ಅಷ್ಟೇ ಎಂದೆ. ರೇಷ್ಮಾ ನೆಲ ನೋಡುತ್ತ ನಿಂತಳು. ಮುಖ ಎತ್ತಿದಾಗ ಕಣ್ಣು ಕೆಂಪಾಗಿತ್ತು.

"ಆಯಿ, ಆವತ್ತ ಆ ಕೂಸಿನ ಕಾಲು ನಾ ಹಿಡದಿದ್ದೆ," ಎಂದಳು. "ನನಗ ಯಾರೂ ಏನೂ ಕೇಳಿಲ್ಲ. ಎಲ್ಲಾರೂ ಸವಿತಾನ್ನಽ ಕೇಳ್ತಾರ."

ಭಾಗ್ಯಾ ಅವಳ ಕೈ ಹಿಡಿದುಕೊಂಡಳು. ಇಬ್ಬರೂ ಸ್ಕೂಟಿಯಲ್ಲಿ ಹೋಗಿಬರುವವರು, ಬೇರೆ ಬೇರೆ ಸ್ಕೂಟಿ, ಬೇರೆ ಬೇರೆ ದಾರಿ. ನನಗೆ ನಮ್ಮ ಟೆಂಪೋ ನೆನಪಾಯಿತು. ಗಾಡಿ ಇಲ್ಲೇ ಬಿಡ್ರಿ ಯವ್ವಾ, ನಡಕೋತ ಬರ್ರಿ ಎಂದೆ. ಅವರಿಗೆ ಏನು ತಿಳಿಯಿತೋ, ಅವತ್ತೇ ನನ್ನ ಜೊತೆ ನಡೆದು ಬಂದರು.

ನಮ್ಮ ಬಾಗಿಲಲ್ಲಿ ನಿಂತು ಕರೆದರು. ಸವಿತಾ ಹೊರಗೆ ಬರಲಿಲ್ಲ. ಮರುದಿನವೂ ಬಂದರು, ಅದರ ಮರುದಿನವೂ. ಸೊಸೆಗೆ ಕಿರಿಕಿರಿ. ಬಂದವರನ್ನು ಒಳಗೆ ಕರೆದು ಚಹಾ ಕೊಡಬೇಡ ಎನ್ನುತ್ತೀರಲ್ಲ, ಓಣಿಯವರು ಏನೆಂದಾರು ಎಂದಳು. ನನಗೆ ನನ್ನ ಅತ್ತೆಯ ಮುಖ ನೆನಪಾಯಿತು. ಮಳೆ ಹಿಡಿದ ದಿನವೂ ಬಂದರು, ಕೊಡೆ ಹಿಡಿದು ನಿಂತರು. ಒಂದು ಸಂಜೆ ರೇಷ್ಮಾ ಒಬ್ಬಳೇ ಬಂದಳು. ಭಾಗ್ಯಾಳಿಗೆ ಡ್ಯೂಟಿ ಇತ್ತು. ರೇಷ್ಮಾ ಬಾಗಿಲಲ್ಲಿ ನಿಂತು ಗೆಳತಿಯನ್ನು ಕರೆಯಲಿಲ್ಲ. ಕಿಟಕಿಯ ಹತ್ತಿರ ಹೋಗಿ ಒಳಗಿನವಳಿಗೆ ಮಾತ್ರ ಕೇಳಿಸುವ ಹಾಗೆ ಏನೋ ಹೇಳಿದಳು. ನನಗೆ ಒಂದಿಷ್ಟು ಕೇಳಿಸಿತು.

"ಇವತ್ತ ಮತ್ತ ಅದಽ ಟೇಬಲ್ ಮ್ಯಾಲ ಡಿಲಿವರಿ ಇತ್ತು. ಸವಿ, ಒಬ್ಬಾಕಿ ಮನಿಗಿ ಹೋಗಾಕ ಆಗವಲ್ದು. ನನ್ನ ಮನೀತನಕ ಬಾ."

ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವಳಿಗೆ ಜೊತೆ ನಿಜವಾಗಿ ಬೇಕಾಗಿತ್ತು. ಯಕ್ಕನಿಗೂ ನಿಜವಾಗಿಯೇ ಬೇಕಾಗಿತ್ತು ಎಂದು ಇಷ್ಟು ವರ್ಷದ ಮೇಲೆ ಆ ಕಿಟಕಿಯ ಹತ್ತಿರ ನನಗೆ ತಿಳಿಯಿತು. ನನ್ನನ್ನು ಎಬ್ಬಿಸಲೆಂದೇ ಅವಳು ಉಪಾಯ ಮಾಡಿದಳೆಂದು ನಾನು ನಂಬಿದ್ದೆ. ಉಪಾಯ ಅಲ್ಲ. ಅವಳಿಗೆ ಬೆನ್ನು ನೋಡಲು ನಾನೇ ಬೇಕಾಗಿತ್ತು.

ಕೋಣೆಯ ಚಿಲಕ ತೆಗೆದ ಸಪ್ಪಳವಾಯಿತು. ಸವಿತಾ ತಲೆ ಕೂಡ ಬಾಚಿರಲಿಲ್ಲ, ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಇಬ್ಬರೂ ಓಣಿಯಲ್ಲಿ ಒಬ್ಬರ ಪಕ್ಕ ಒಬ್ಬರು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರವಾಗಿ ನಡೆದು ಹೋದರು. ಅವಳು ತಿರುಗಿ ಬರುವ ತನಕ ನಾನು ದಿಂಬು ತಬ್ಬಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದೆ.

ಅವತ್ತಿನಿಂದ ದಿನಾ ಹೋದಳು, ರೇಷ್ಮಾಳ ಮನೆಯ ತನಕ, ಆಮೇಲೆ ಆಸ್ಪತ್ರೆಯ ಗೇಟಿನ ತನಕ. ದಾರಿಯಲ್ಲಿ ಮೂವರೂ ಏನು ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ, ಕೇಳಿಯೂ ಇಲ್ಲ. ಗೇಟಿನ ಒಳಗೆ ಹೋಗಲು ಬಹಳ ದಿನ ಬೇಕಾಯಿತು. ಇವತ್ತು ಮುಂಜಾನೆ ಬಿಳಿ ಡ್ರೆಸ್ಸು ಇಸ್ತ್ರಿ ಮಾಡಿದಳು. ಮಗ ಅಂಗಡಿಗೆ ಹೋಗುವುದನ್ನು ಬಿಟ್ಟು ಬಾಗಿಲಲ್ಲೇ ಸುಳಿದಾಡುತ್ತಿದ್ದ, ನಾನು ಅವನನ್ನು ಓಡಿಸಿದೆ. ಆಮೇಲೆ ಇಡೀ ದಿನ ಕಟ್ಟೆಯ ಮೇಲೆ ಕುಳಿತಿದ್ದೆ. ದಿಂಬಿಗೆ ಒರಗಿದೆ, ಎದ್ದೆ, ಮತ್ತೆ ಒರಗಿದೆ. ಸಂಜೆ ಆ ನಗು ಕೇಳಿಸಿತು. ಯಾಕೆ ನಗು ಎಂದು ಆಮೇಲೆ ಗೊತ್ತಾಯಿತು. ಇವತ್ತು ಹುಟ್ಟಿದ ಕೂಸೊಂದು ಸವಿತಾಳ ಮೈಮೇಲೆ ಉಚ್ಚೆ ಹೊಯ್ದಿತ್ತಂತೆ, ಅಷ್ಟು ಗಟ್ಟಿಯಾಗಿ ಅತ್ತಿತ್ತಂತೆ.

ರೇಷ್ಮಾ, ಭಾಗ್ಯಾ ಇಬ್ಬರನ್ನೂ ಊಟಕ್ಕೆ ನಿಲ್ಲಿಸಿಕೊಂಡೆವು. ಇವತ್ತು ಒಳಗೆ ಕರೆದರೆ ಅಡ್ಡಿಯಿಲ್ಲ ತಾನೇ ಎಂದು ಸೊಸೆ ನನ್ನನ್ನು ಕೆಣಕಿದಳು. ಅಡುಗೆಮನೆ ಸಾಲದೆ ಪಡಸಾಲೆಯಲ್ಲಿ ಜಮಖಾನೆ ಹಾಸಿ ಎಲ್ಲರೂ ಕುಳಿತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಚಟ್ನಿ, ಮಾದಲಿಯ ಮೇಲೆ ಹಾಲು. ಮಗ ಮೊಬೈಲ್ ಬದಿಗಿಟ್ಟು ಮಗಳ ತಾಟನ್ನೇ ನೋಡುತ್ತಿದ್ದ. ಅವಳು ಎರಡನೇ ರೊಟ್ಟಿ ಕೇಳಿದಾಗ ಬೇರೆಲ್ಲೋ ನೋಡಿದ. ಗದ್ದಲವೋ ಗದ್ದಲ. ನನಗೆ ಮಾತ್ರ ನಡುನಡುವೆ ಬಾಗಿಲ ಕಡೆ ಕಣ್ಣು ಹೋಗುತ್ತಿತ್ತು, ರೊಟ್ಟಿಯ ಗಂಟು ಹಿಡಿದು ಯಾರೋ ಹೊರಗೆ ನಿಂತಿರಬಹುದು ಎಂಬ ಹಾಗೆ.

ಸವಿತಾ ಎದ್ದು ಎಲ್ಲರಿಗೂ ಹಾಲು ಬಡಿಸುತ್ತ ಬಂದಳು. ನನ್ನ ಹಿಂದೆ ಬಂದವಳು ನಿಂತಳು.

"ಆಯಿ, ಹಂಗಽ ಕೂಡ್ರು," ಎಂದಳು. "ಬೆನ್ನ ತುಂಬ ಅರಳಿ ಆಗೇತಿ. ಆ ದಿಂಬು ಒಡದೈತಿ ಕಾಣಸ್ತೈತಿ."

ಹಾಲಿನ ತಂಬಿಗೆ ಕೆಳಗಿಟ್ಟು ಎರಡು ಬೆರಳಿನಿಂದ ಒಂದೊಂದಾಗಿ ತೆಗೆಯತೊಡಗಿದಳು. ಹೇಗೆ ತೆಗೆಯಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಅಲ್ಲಾಡದೆ ಕುಳಿತೆ.

"ಭಾಳ ಐತೇನು?" ಎಂದು ಕೇಳಿದೆ.

"ಭಾಳ ಐತಿ," ಎಂದಳು.

ತೆಗೆದದ್ದನ್ನು ಎಸೆಯಲು ಹೋದಳು. ನಾನು ಉಡಿ ಒಡ್ಡಿದೆ. ಅದರಲ್ಲಿ ಹಾಕಿ, ಕೈ ತೊಳೆದುಕೊಂಡು ಬಂದು, ನನ್ನ ಮತ್ತು ರೇಷ್ಮಾಳ ನಡುವೆ ಜಾಗ ಮಾಡಿಕೊಂಡು ಕುಳಿತಳು. ಸೊಸೆ ಇನ್ನೊಂದು ಬಿಸಿ ರೊಟ್ಟಿ ತಂದಳು. ಅದನ್ನು ಮುರಿದು ಅರ್ಧ ಸವಿತಾಳಿಗೆ ಕೊಟ್ಟು, ಅರ್ಧ ನಾನು ತಿಂದೆ.